ಕಂಬಾಲಪಲ್ಲಿಯ ಸಾಕ್ಷಿಗಳು

ಕೋಲಾರದ ಸೆಷನ್ಸ್ ನ್ಯಾಯಾಲಯವು 2006ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಕಂಬಾಲಪಲ್ಲಿಯ ಮೊಕದ್ದಮೆಯ ತೀರ್ಪನ್ನು ಕೊಟ್ಟಿತು. ಏಳು ಮಂದಿ ದಲಿತರನ್ನು ಸಜೀವವಾಗಿ ದಹಿಸಿದರೆಂಬ ಅಪರಾಧಕ್ಕಾಗಿ ವಿಚಾರಣೆಗೆ ನಿಂತಿದ್ದವರೆಲ್ಲರೂ ಅಂದು ಬಿಡುಗಡೆ ಹೊಂದಿದರು. ಸರ್ಕಾರದವರು ಅಪೀಲು ಹೋದರು. 2014ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಕರ್ನಾಟಕದ ಹೈಕೋರ್ಟು ಆ ಬಿಡುಗಡೆಯನ್ನೇ ಸ್ಥಿರಪಡಿಸಿತು. ಮನೆ ಉರಿದುದನ್ನು ಊರು ಕಂಡಿತು, ಹೆಣಗಳನ್ನು ನಾಡೆಲ್ಲ ಪತ್ರಿಕೆಗಳಲ್ಲಿ ಕಂಡಿತು. ಬೆಂಕಿಯಿಟ್ಟವರು ಯಾರೆಂಬುದು ಮಾತ್ರ ಎರಡು ನ್ಯಾಯಸ್ಥಾನಗಳ ಮುಂದೆ, ಹದಿನಾಲ್ಕು ವರ್ಷಗಳಲ್ಲಿ, ಸಿದ್ಧಪಡಲಿಲ್ಲ.

ಕಂಬಾಲಪಲ್ಲಿ ನಮ್ಮ ಜಿಲ್ಲೆಯ ಊರಲ್ಲ. ಅದು ಚಿಂತಾಮಣಿ ತಾಲ್ಲೂಕಿನದು. ಆ ತಾಲ್ಲೂಕು ಆಗ ಕೋಲಾರ ಜಿಲ್ಲೆಯಲ್ಲಿದ್ದು 2007ರಲ್ಲಿ ಹೊಸದಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಆದರೂ ತುಮಕೂರಿನ ಕಡೆಯವರಿಗೆ ಅದು ಅಪರಿಚಿತವಾದ ಪ್ರಪಂಚವೇನೂ ಅಲ್ಲ. ಗುಬ್ಬಿ ಕುಣಿಗಲುಗಳ ಸುತ್ತಣ ಯಾವ ಹಳ್ಳಿಯಲ್ಲಿಯೇ ಆಗಲಿ ಕೆರೆಯೊಂದು, ರಾಗಿಯ ಹೊಲಗಳು, ಊರು, ಊರಿನಿಂದ ಕೂಗಳತೆಯಲ್ಲಿ ಕೇರಿ, ಹೀಗೆ ಇರುವುದಷ್ಟೆ. ಅಲ್ಲಿಯೂ ಹೀಗೆಯೇ. ಆದುದರಿಂದ ಆ ಮೊಕದ್ದಮೆಯ ಚರಿತ್ರೆಯನ್ನು ನಾವು ಪರದೇಶದ ಕಥೆಯಂತೆ ಓದತಕ್ಕುದಲ್ಲ.

ನಡೆದ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವೆವು. ಅದರ ವಿವರವು ಬರೆಯುವ ಕೈಗೂ ಓದುವ ಕಣ್ಣಿಗೂ ಹಿತವಾದುದಲ್ಲ. ಊರವರಿಗೂ ಕೇರಿಯವರಿಗೂ ಕೆಲವು ವರ್ಷಗಳಿಂದ ವೈರ ಬೆಳೆದಿತ್ತು. 2000ನೆಯ ಇಸವಿ ಮಾರ್ಚ್ 11ನೆಯ ತಾರೀಖು ಮೇಲ್ಜಾತಿಯವನೊಬ್ಬನು ಘರ್ಷಣೆಯಲ್ಲಿ ಸತ್ತನು. ಆ ಸುದ್ದಿ ಹಬ್ಬಿದೊಡನೆ ಗುಂಪು ಕೂಡಿ ಕೇರಿಗೆ ನುಗ್ಗಿತು. ಒಳಗೆ ಜನರಿರುವಂತೆಯೇ ಮನೆಯ ಬಾಗಿಲನ್ನು ಹೊರಗಿನಿಂದ ಭದ್ರಪಡಿಸಿ ಬೆಂಕಿ ಹಚ್ಚಲಾಯಿತು. ಸತ್ತ ಏಳು ಮಂದಿಯಲ್ಲಿ ಹೆಂಗಸರೂ ಇದ್ದರು. ಒಬ್ಬ ವೃದ್ಧನು ತನ್ನ ಹೆಂಡತಿಯನ್ನೂ ಮಕ್ಕಳನ್ನೂ ಒಂದೇ ದಿನ ಕಳೆದುಕೊಂಡನು. ಈ ವೃದ್ಧನ ವಿಷಯವನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕು. ಏಕೆಂದರೆ ಮೊಕದ್ದಮೆಯೆಲ್ಲ ಕೊನೆಗೆ ನಿಂತುದು ಇಂತಹವರ ಬಾಯಿಂದ ಬರಬೇಕಾಗಿದ್ದ ಮಾತಿನ ಮೇಲೆ.

ಅಂದು ಎದ್ದ ಆಕ್ರೋಶವು ಅಲ್ಪವಾದುದಲ್ಲ. ರಾಜಧಾನಿಯಿಂದ ಮಂತ್ರಿಗಳು ಬಂದರು, ಪರಿಹಾರದ ಹಣ ಸಾರಲ್ಪಟ್ಟಿತು, ದಲಿತ ಸಂಘರ್ಷ ಸಮಿತಿಯವರು ಊರೂರಿನಲ್ಲಿ ಮೆರವಣಿಗೆ ಹೊರಟರು. ನಮ್ಮ ತುಮಕೂರಿನಲ್ಲಿ ಅಧ್ಯಾಪಕರಾಗಿದ್ದ ಕವಿ ಕೆ. ಬಿ. ಸಿದ್ದಯ್ಯನವರು ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾಗಿದ್ದರೆಂಬುದು ಇಲ್ಲಿನ ಮನೆಗಳಿಗೆ ಗೊತ್ತಿರುವ ವಿಷಯ. ಪೊಲೀಸರು ಹಲವರನ್ನು ದಸ್ತಗಿರಿ ಮಾಡಿದರು. ಇನ್ನು ನ್ಯಾಯವು ತನ್ನ ದಾರಿಯಲ್ಲಿ ನಡೆಯುವುದೆಂದು ಜನರು ನಂಬಿ ತಂತಮ್ಮ ಕೆಲಸಗಳಿಗೆ ಹೋದರು.

ನ್ಯಾಯವು ನಡೆದ ದಾರಿ ಯಾವುದು? ಆ ವೃದ್ಧನೂ ಇತರ ಮುಖ್ಯ ಸಾಕ್ಷಿಗಳೂ ನ್ಯಾಯಾಧೀಶರ ಮುಂದೆ ನಿಂತು, ತಾವು ಆಪಾದಿತರನ್ನು ಕಂಡವರಲ್ಲ, ಗುರುತಿಸಲಾರೆವು ಎಂಬರ್ಥದಲ್ಲಿ ನುಡಿದರು. ಸರ್ಕಾರದ ವಕೀಲರು ಅವರನ್ನು ಪ್ರತಿಕೂಲ ಸಾಕ್ಷಿಗಳೆಂದು ಎಣಿಸಿ ಪ್ರಶ್ನೆ ಕೇಳಿದರೂ ಫಲವಾಗಲಿಲ್ಲ. ಹೆಂಡತಿ ಮಕ್ಕಳ ಬೂದಿಯನ್ನು ಕಂಡ ಮನುಷ್ಯನು ಹೀಗೆ ಹೇಳಿದನೆಂದರೆ ಪೇಟೆಯ ಜನಕ್ಕೆ ವಿಸ್ಮಯವಾಗುವುದು ಸಹಜ. ಹಣ ತಿಂದನೆಂದು ಕೆಲವರೂ, ಹೆದರಿದನೆಂದು ಕೆಲವರೂ ಆಡಿಕೊಂಡರು. ಮೊದಲನೆಯ ಮಾತನ್ನು ಅಷ್ಟು ಸುಲಭವಾಗಿ ಆಡಬಾರದೆಂದು ನಮ್ಮ ಅಭಿಪ್ರಾಯ. ಅವನು ಆ ಆರು ವರ್ಷಗಳನ್ನು ಎಲ್ಲಿ, ಯಾರ ನಡುವೆ ಕಳೆಯಬೇಕಾಗಿತ್ತೆಂಬುದನ್ನು ವಿಚಾರಿಸಿದ ಮೇಲೆ ಆಡಬಹುದು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ತಿಳಿಯುವುದು ಅವಶ್ಯ. ಘಟನೆಯಾದ ಮರುದಿನ ಸಾಕ್ಷಿಯು ಪೊಲೀಸರೆದುರು ಹೇಳಿ ಬರೆಸಿದುದು ಕೋರ್ಟಿನಲ್ಲಿ ಪುರಾವೆಯಲ್ಲ. ಅವನು ಆಮೇಲೆ ಬೇರೆ ಮಾತನ್ನಾಡಿದರೆ, ಹಿಂದೆ ಹೀಗೆ ಹೇಳಿದ್ದೆಯಲ್ಲವೆ ಎಂದು ಕೇಳುವುದಕ್ಕೆ ಮಾತ್ರ ಅದು ಉಪಯೋಗ. ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಗೆ ಸ್ವಲ್ಪ ಹೆಚ್ಚಿನ ತೂಕವುಂಟು. ಆದರೆ ಅದೂ ತಾನೇ ನಿಲ್ಲತಕ್ಕ ಆಧಾರವಲ್ಲ. ಪೊಲೀಸರು ಹೊಡೆದು ಬಡಿದು ಬರೆಸಿಕೊಂಡಾರೆಂಬ ನ್ಯಾಯವಾದ ಶಂಕೆಯಿಂದ ಈ ನಿಯಮವು ಹುಟ್ಟಿದೆ. ಅದು ಬಡವರಿಗೆ ರಕ್ಷೆಯಾಗಿಯೂ ಇದೆ. ಆದರೆ ಅದರಿಂದಾಗುವುದೇನೆಂದರೆ, ಸಾಕ್ಷಿಯು ಘಟನೆಯ ದಿನದಿಂದ ಕಟಕಟೆಯೇರುವ ದಿನದವರೆಗೆ ತನ್ನ ಮಾತನ್ನು ತಾನೇ ಹೊತ್ತು ಕಾಯಬೇಕು. ಕಂಬಾಲಪಲ್ಲಿಯಲ್ಲಿ ತೀರ್ಪಿಗೆ ಆರು ವರ್ಷಕ್ಕೂ ಮೀರಿ ಕಾಲ ಹಿಡಿಯಿತು.

ಆ ಕಾಲದಲ್ಲಿ ಅವನಿಗೆ ಕೂಲಿ ಯಾರ ಹೊಲದಲ್ಲಿ? ಮಗಳ ಮದುವೆಗೆ ಸಾಲ ಯಾರ ಕೈಯಿಂದ? ಕರೆಯುವ ಎಮ್ಮೆಯ ಹಾಲನ್ನು ಅಳೆಯುವುದು ಯಾರ ಮುಂದೆ? ಕೇರಿಯಿಂದ ಬಸ್ಸಿನ ರಸ್ತೆಗೆ ಹೋಗುವ ಕಾಲುದಾರಿಯು ಯಾರ ಬದುವಿನ ಮೇಲೆ? ನಮ್ಮ ಕಡೆಯಾದರೆ, ತೆಂಗಿನ ತೋಟದಲ್ಲಿ ಕಾಯಿ ಸುಲಿಯುವ ಕೆಲಸ ಯಾರದು? ಇವೆಲ್ಲಕ್ಕೂ ಉತ್ತರವು ಬಹುಮಟ್ಟಿಗೆ ಒಂದೇ. ಆಪಾದಿತರು ಜಾಮೀನಿನ ಮೇಲೆ ಊರಿಗೆ ಹಿಂದಿರುಗುತ್ತಾರೆ. ಸಾಕ್ಷಿಯು ಅವರ ಕಣ್ಣೆದುರಿಗೇ ಬೆಳಗಾಗಿ ಏಳಬೇಕು. ಒಬ್ಬರು ಬಾಯಿ ತೆರೆದು ಬೆದರಿಸಬೇಕಾದ ಅಗತ್ಯವೂ ಇಲ್ಲ. ಯಾರೂ ಕೆಲಸಕ್ಕೆ ಕರೆಯದಿದ್ದರೆ ಸಾಕು. ಕಂಬಾಲಪಲ್ಲಿಯ ವಿಷಯದಲ್ಲಿ ಬೆದರಿಕೆಯ ಮಾತೂ ಪತ್ರಿಕೆಗಳಲ್ಲಿ ಬಂದಿತು.

ಗುಬ್ಬಿ ವೀರಣ್ಣನವರ ಕಂಪೆನಿಯ ನಾಟಕಗಳನ್ನು ನೋಡಿ ಬೆಳೆದ ಈ ಸೀಮೆಯ ಹಿರಿಯರಿಗೆ ಸತ್ಯವು ಕೊನೆಯ ಅಂಕದಲ್ಲಿ ಗೆಲ್ಲುವುದೆಂಬ ಭರವಸೆ ರಕ್ತಗತವಾಗಿರುವುದು. ಹರಿಶ್ಚಂದ್ರನು ಸತ್ಯಕ್ಕಾಗಿ ರಾಜ್ಯವನ್ನೂ ಹೆಂಡತಿಯನ್ನೂ ಮಗನನ್ನೂ ಬಿಟ್ಟು ಸ್ಮಶಾನವನ್ನು ಕಾದನು. ಆದರೆ ಅವನು ಅರಸನು, ಬಿಡುವುದಕ್ಕೆ ಅವನಲ್ಲಿ ರಾಜ್ಯವಾದರೂ ಇತ್ತು. ಸ್ಮಶಾನದಲ್ಲಿ ಅವನಿಗೆ ಒಡೆಯನಾದ ವೀರಬಾಹುಕನ ಕುಲದವರನ್ನೇ ನಾವು ಇಂದು ಕಟಕಟೆಯಲ್ಲಿ ನಿಲ್ಲಿಸಿ, ಹರಿಶ್ಚಂದ್ರನಾಗೆಂದು ಕೇಳುತ್ತೇವೆ. ದುರ್ಗಸಿಂಹನ ಪಂಚತಂತ್ರದ ವೃಕ್ಷಸಾಕ್ಷಿಯ ಕಥೆಯನ್ನು ಶಾಲೆಯಲ್ಲಿ ಓದದವರಿಲ್ಲ. ದುಷ್ಟಬುದ್ಧಿಯು ತನ್ನ ತಂದೆಯನ್ನು ಮರದ ಪೊಟರೆಯಲ್ಲಿ ಅಡಗಿಸಿ ಸುಳ್ಳುಸಾಕ್ಷಿ ನುಡಿಸಿದನು. ಧರ್ಮಬುದ್ಧಿಯು ಪೊಟರೆಗೆ ಬೆಂಕಿಯಿಟ್ಟಾಗ ಸತ್ಯವು ಹೊರಬಿದ್ದಿತು. ಕಂಬಾಲಪಲ್ಲಿಯಲ್ಲಿ ಬೆಂಕಿಯಿಟ್ಟವರು ಬೇರೆ; ಅದರಿಂದ ಹೊರಬಿದ್ದ ಸಾಕ್ಷಿಗಳು ಬಾಯಿ ಕಟ್ಟಿಕೊಂಡು ಬಂದರು.

ಸಾಕ್ಷಿಗಳು ಮಾತು ಬದಲಿಸಿದುದರಿಂದ ಆದ ಬಿಡುಗಡೆ ಇದು. ಇದಕ್ಕೆ ನ್ಯಾಯಾಧೀಶರನ್ನು ದೂರುವುದು ಅಷ್ಟು ಸಮಂಜಸವಲ್ಲ. ಪುರಾವೆಯಿಲ್ಲದೆ ಒಬ್ಬನನ್ನು ಸೆರೆಗೆ ಕಳುಹಿಸುವ ನ್ಯಾಯಾಲಯವು ನಾಳೆ ಕೇರಿಯವನನ್ನೇ ಮೊದಲು ಕಳುಹಿಸುವುದು. ಆದರೆ ಇನ್ನೊಂದು ಬಗೆಯ ಬಿಡುಗಡೆಯುಂಟು. ಅದರಲ್ಲಿ ಸಾಕ್ಷಿಗಳು ಅಲುಗದೆ ನಿಂತಿರುತ್ತಾರೆ, ಕೆಳಗಿನ ಕೋರ್ಟು ಅವರನ್ನು ನಂಬಿ ಶಿಕ್ಷೆ ವಿಧಿಸಿರುತ್ತದೆ, ಮೇಲಿನ ಕೋರ್ಟು ನಂಬುವುದಿಲ್ಲ.

ಇದರ ಪ್ರಥಮ ಉದಾಹರಣೆಯು ತಮಿಳುನಾಡಿನ ತಂಜಾವೂರು ಸೀಮೆಯ ಕೀಳ್ವೆಣ್ಮಣಿಯದು. 1968ರ ಡಿಸೆಂಬರ್ 25ರ ರಾತ್ರಿ, ಭತ್ತದ ಕೂಲಿಯನ್ನು ತುಸು ಹೆಚ್ಚಿಸಿರೆಂದು ಕೇಳಿದ್ದ ಕೃಷಿಕಾರ್ಮಿಕರ ಕೇರಿಯ ಮೇಲೆ ಭೂಮಾಲಿಕರ ಗುಂಪು ಬಿದ್ದಿತು. ಒಂದು ಗುಡಿಸಲಿನಲ್ಲಿ ಅಡಗಿದ್ದ 44 ಮಂದಿ, ಬಹುಪಾಲು ಹೆಂಗಸರು ಮಕ್ಕಳು, ಸುಟ್ಟು ಸತ್ತರು. 1970ರಲ್ಲಿ ಸೆಷನ್ಸ್ ನ್ಯಾಯಾಲಯವು ಎಂಟು ಮಂದಿಗೆ ಶಿಕ್ಷೆ ವಿಧಿಸಿತು. 1973ರಲ್ಲಿ ಮದರಾಸಿನ ಹೈಕೋರ್ಟು ಅವರನ್ನು ಬಿಟ್ಟಿತು. ವಿಶಾಲವಾದ ಜಮೀನುಳ್ಳ ಶ್ರೀಮಂತರು, ಕೂಲಿಯಾಳುಗಳನ್ನು ಕಳುಹಿಸದೆ ತಾವೇ ನಡೆದು ಬಂದು ಬೆಂಕಿಯಿಟ್ಟರೆಂದರೆ ನಂಬಲು ಕಷ್ಟವೆಂಬ ಅಭಿಪ್ರಾಯವು ಆ ತೀರ್ಪಿನಲ್ಲಿ ಬಂದಿತು. ಐಶ್ವರ್ಯವು ನಿರ್ದೋಷಿತ್ವಕ್ಕೆ ಆಧಾರವಾದುದನ್ನು ಅಂದಿನಿಂದ ಜನರು ಮರೆತಿಲ್ಲ. 1980ರಲ್ಲಿ ಆ ಭೂಮಾಲಿಕರ ಮುಖಂಡನು ಕೊಲೆಯಾದನು. ಕೋರ್ಟು ಮುಗಿಸಿದ ಮೊಕದ್ದಮೆಯನ್ನು ಊರು ಮುಗಿಸಿರಲಿಲ್ಲವೆಂದು ಇದರಿಂದ ಕಾಣುತ್ತದೆ. ಇದು ಯಾರೂ ಸಂತೋಷಪಡತಕ್ಕ ಸಂಗತಿಯಲ್ಲ.

ಬಿಹಾರದ ವೃತ್ತಾಂತವು ಇನ್ನೂ ದೊಡ್ಡದು. 1996ರ ಜುಲೈ 11ರಂದು ಬಥಾನಿ ಟೋಲಾದಲ್ಲಿ 21 ಮಂದಿಯೂ, 1997ರ ಡಿಸೆಂಬರ್ 1ರಂದು ಲಕ್ಷ್ಮಣಪುರ ಬಾಥೆಯಲ್ಲಿ 58 ಮಂದಿಯೂ ಭೂಮಾಲಿಕರ ಖಾಸಗಿ ಸೇನೆಯಿಂದ ಹತರಾದರು. ಎರಡನೆಯದನ್ನು ಅಂದಿನ ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅವರು ದೇಶಕ್ಕೇ ಲಜ್ಜೆಗೇಡೆಂದು ಕರೆದರು. 2010ರಲ್ಲಿ ಕೆಳಗಿನ ನ್ಯಾಯಾಲಯಗಳು ಮೊದಲನೆಯದರಲ್ಲಿ 23, ಎರಡನೆಯದರಲ್ಲಿ 26 ಮಂದಿಗೆ ಶಿಕ್ಷೆ ವಿಧಿಸಿದುವು. ಹಲವರಿಗೆ ಮರಣದಂಡನೆಯೂ ಆಯಿತು. ಪಾಟ್ನಾದ ಹೈಕೋರ್ಟು 2012ರಲ್ಲಿ ಅವರನ್ನೂ 2013ರಲ್ಲಿ ಇವರನ್ನೂ ಬಿಡುಗಡೆ ಮಾಡಿತು. ಅಡಗಿ ಕುಳಿತು ಕಂಡೆವೆಂದವರ ಮಾತು ವಿಶ್ವಾಸಾರ್ಹವಲ್ಲವೆಂದಾಯಿತು. ಅಡಗದೆ ಇದ್ದವರು ಸಾಕ್ಷಿ ಹೇಳಲು ಉಳಿದಿರಲಿಲ್ಲವೆಂಬುದು ಬೇರೆಯ ಮಾತು.

ಆಂಧ್ರದ ಎರಡು ಊರುಗಳ ಕಥೆಯಿಂದ ನಾವು ಕಲಿಯತಕ್ಕುದು ಹೆಚ್ಚಾಗಿದೆ. ಚಿಂತಾಮಣಿಯ ಗಡಿಗೆ ಆಂಧ್ರವು ದೂರವೂ ಅಲ್ಲ. 1985ರ ಜುಲೈ 17ರಂದು ಪ್ರಕಾಶಂ ಜಿಲ್ಲೆಯ ಕಾರಂಚೇಡುವಿನಲ್ಲಿ ಆರು ಮಂದಿ ದಲಿತರ ಕೊಲೆಯಾಯಿತು. ಉಳಿದವರು ಊರನ್ನೇ ತೊರೆದು ಸಮೀಪದ ಚೀರಾಲ ಪಟ್ಟಣದಲ್ಲಿ ಬಿಡಾರ ಹೂಡಿದರು; ಎಷ್ಟು ಹೇಳಿದರೂ ಹಿಂದಿರುಗಲಿಲ್ಲ. ಇದು ಹಠವೆಂದು ಆಗ ಅನೇಕರು ಭಾವಿಸಿದರು. ವಾಸ್ತವವಾಗಿ ಅದು ಬಹು ವಿವೇಕದ ಕೆಲಸ: ಕೂಲಿಗೆ ಕೊಲೆಗಾರರ ಹೊಲಕ್ಕೆ ಹೋಗಬೇಕಾಗಿಲ್ಲದವನ ನಾಲಗೆಯು ಅವನದಾಗಿಯೇ ಉಳಿಯುವುದು. ಆದರೂ ಮುಖ್ಯಸಾಕ್ಷಿಯಾಗಿದ್ದ ಒಬ್ಬ ಹೆಂಗಸು ವಿಚಾರಣೆಗೆ ಮುಂಚೆಯೇ ಕೊಲೆಯಾದಳು. ಕೆಳಗಿನ ಕೋರ್ಟು 1994ರಲ್ಲಿ ಶಿಕ್ಷೆ ವಿಧಿಸಿತು, ಹೈಕೋರ್ಟು 1998ರಲ್ಲಿ ಬಿಟ್ಟಿತು, 2008ರಲ್ಲಿ ಸುಪ್ರೀಂ ಕೋರ್ಟು ಮುಖ್ಯ ಆಪಾದಿತನಿಗೆ ಜೀವಾವಧಿ ಶಿಕ್ಷೆಯನ್ನು ಪುನಃ ವಿಧಿಸಿತು. ಅಷ್ಟರಲ್ಲಿ ಇಪ್ಪತ್ತಮೂರು ವರ್ಷಗಳು ಸಂದಿದ್ದುವು.

1991ರ ಆಗಸ್ಟ್ 6ರಂದು ಗುಂಟೂರು ಜಿಲ್ಲೆಯ ಚುಂಡೂರಿನಲ್ಲಿ ಎಂಟು ಮಂದಿ ದಲಿತರು ಹತರಾದರು. ಇಲ್ಲಿ ಜನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನ್ಯಾಯಾಲಯವನ್ನೇ ಊರಿಗೆ ತರಿಸಿದರು. ವಿಶೇಷ ನ್ಯಾಯಾಲಯವು ಚುಂಡೂರಿನಲ್ಲಿಯೇ ಕುಳಿತು ವಿಚಾರಣೆ ನಡೆಸಿತು. ಕೂಲಿ ಬಿಟ್ಟು, ಬಸ್ಸು ಹತ್ತಿ, ದೂರದ ಪಟ್ಟಣದಲ್ಲಿ ವಾಯಿದೆಯ ಮೇಲೆ ವಾಯಿದೆ ಕಾಯುವ ಸಂಕಟವು ಸಾಕ್ಷಿಗಳಿಗೆ ತಪ್ಪಿತು. 2007ರ ಜುಲೈ 31ರ ತೀರ್ಪಿನಲ್ಲಿ 21 ಮಂದಿಗೆ ಜೀವಾವಧಿ, 35 ಮಂದಿಗೆ ಒಂದು ವರ್ಷದ ಸೆರೆ ಆಯಿತು. 2014ರ ಏಪ್ರಿಲ್‌ನಲ್ಲಿ ಹೈಕೋರ್ಟು ಎಲ್ಲರನ್ನೂ ಬಿಟ್ಟಿತು. ವಿಷಯವು ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋಯಿತು. ಸಾಕ್ಷಿಯನ್ನು ಕಾದುಕೊಂಡರೆ ಕೆಳಗಿನ ಕೋರ್ಟನ್ನು ಗೆಲ್ಲಬಹುದು, ಮೇಲಿನ ಕೋರ್ಟಿನ ಮಾತು ಬೇರೆಯೆಂದು ಯಾರಾದರೂ ಹೇಳಿದರೆ ಅವರಿಗೆ ಉತ್ತರ ಕೊಡುವುದು ನಮಗೆ ಸುಲಭವಲ್ಲ.

ಈಗ ಲೋಕಾಭಿಪ್ರಾಯದ ವಿಷಯ. 2000ರಲ್ಲಿ ಕಂಬಾಲಪಲ್ಲಿಯ ಹೆಸರು ನಾಡಿನ ಪ್ರತಿ ಮನೆಯಲ್ಲಿಯೂ ಇತ್ತು. 2006ರ ಬಿಡುಗಡೆಯಾದಾಗ ಮತ್ತೆ ಧರಣಿ ಮೆರವಣಿಗೆಗಳು ನಡೆದುವು. ಸಿಬಿಐ ವಿಚಾರಣೆಯಾಗಲಿ, ಮರುವಿಚಾರಣೆಯಾಗಲಿ ಎಂಬ ಬೇಡಿಕೆಗಳೆದ್ದುವು. ಆ ಒತ್ತಾಯದ ನಡುವೆಯೇ ಸರ್ಕಾರವು ಅಪೀಲು ಹೂಡಿತು. 2014ರ ಹೊತ್ತಿಗೆ ಕೂಗು ಬಹಳ ತಗ್ಗಿತ್ತೆಂದು ನಮಗೆ ತೋರುತ್ತದೆ. ಈ ಮೂರು ಎದ್ದ ಅಲೆಗಳ ನಡುವೆ ಇದ್ದ ಉದ್ದನೆಯ ಕಾಲವನ್ನು ಗಮನಿಸಿರಿ. ಸಾಕ್ಷಿಗಳ ಮಾತು ಬದಲಾದುದು ಆ ಕಾಲದಲ್ಲಿ. ಅಲೆಯೇಳದಿದ್ದ ಆ ದಿನಗಳಲ್ಲಿ ಮೆರವಣಿಗೆ ಇರಲಿಲ್ಲ, ಮಂತ್ರಿಗಳಿರಲಿಲ್ಲ, ಪತ್ರಿಕೆಗಳವರಿರಲಿಲ್ಲ. ವಿದ್ಯಾವಂತರಾದ ನಾವಂತೂ ಇರಲೇ ಇಲ್ಲ. ನಮ್ಮ ಕೋಪವು ಪ್ರಾಮಾಣಿಕವಾದುದೇ. ಆದರೆ ಅದು ಬಂದುದು ಬಿತ್ತನೆಯ ಕಾಲದಲ್ಲಲ್ಲ, ಪೈರು ಒಣಗಿದ ಮೇಲೆ. ತೀರ್ಪಿನ ದಿನ ಕೋರ್ಟಿನ ಅಂಗಳದಲ್ಲಿ ಸಾವಿರ ಜನ ಕೂಡುವುದಕ್ಕಿಂತ, ವಿಚಾರಣೆಯ ದಿನ ಆ ವೃದ್ಧನ ಮಗ್ಗುಲಲ್ಲಿ ಹತ್ತು ಜನ ಬಂದು ಬೆಂಚಿನ ಮೇಲೆ ಕುಳಿತಿದ್ದರೆ ಏನಾಗುತ್ತಿತ್ತೋ!

ಕಾನೂನು ಮಾಡುವವರಿಗೆ ಇದು ಹೊಳೆಯಲಿಲ್ಲವೆನ್ನಲಾಗದು. 1989ರ ದೌರ್ಜನ್ಯ ತಡೆ ಕಾಯಿದೆಯು 1990ರ ಜನವರಿ 30ರಂದು ಜಾರಿಗೆ ಬಂದಿತು. 1995ರ ನಿಯಮಗಳಲ್ಲಿ ತನಿಖೆಯನ್ನು ಡಿ.ವೈ.ಎಸ್.ಪಿ. ದರ್ಜೆಗೆ ಕಡಮೆಯಲ್ಲದ ಅಧಿಕಾರಿಯೇ ಮಾಡತಕ್ಕದ್ದೆಂದೂ, ಸಾಕ್ಷಿಗೆ ಬಸ್ಸಿನ ಖರ್ಚನ್ನೂ ಅಂದಿನ ಕೂಲಿಯನ್ನೂ ಕೊಡತಕ್ಕದ್ದೆಂದೂ ಬರೆದರು. ಕಂಬಾಲಪಲ್ಲಿಗೆ ಬೆಂಕಿ ಬೀಳುವಾಗ ಇವೆಲ್ಲ ಪುಸ್ತಕದಲ್ಲಿದ್ದುವು. 2015ರಲ್ಲಿ ಮಾಡಿ 2016ರ ಜನವರಿ 26ರಿಂದ ಜಾರಿಗೆ ತಂದ ತಿದ್ದುಪಡಿಯು ನೊಂದವರ ಮತ್ತು ಸಾಕ್ಷಿಗಳ ಹಕ್ಕುಗಳೆಂಬ ಪ್ರತ್ಯೇಕ ಅಧ್ಯಾಯವನ್ನೇ ಸೇರಿಸಿತು: ಅವರನ್ನು ಬೆದರಿಕೆಯಿಂದಲೂ ಆಮಿಷದಿಂದಲೂ ಕಾಪಾಡುವುದು ಸರ್ಕಾರದ ಕರ್ತವ್ಯ, ಆಪಾದಿತನು ಜಾಮೀನು ಕೇಳಿದರೆ ಅವರಿಗೆ ಮೊದಲು ತಿಳಿಸಬೇಕು. 2018ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಸಾಕ್ಷಿರಕ್ಷಣೆಯ ಯೋಜನೆಯೊಂದನ್ನು ಅಂಗೀಕರಿಸಿತು. ಕಂಬಾಲಪಲ್ಲಿಯ ವೃದ್ಧನಿಗೆ ಇವು ಒದಗಲಿಲ್ಲ.

ಕಾಲದ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಹೈಕೋರ್ಟು ಕಂಬಾಲಪಲ್ಲಿಯ ಬಿಡುಗಡೆಯನ್ನು ಸ್ಥಿರಪಡಿಸಿದ ಅದೇ ಆಗಸ್ಟ್ ತಿಂಗಳಿನಲ್ಲಿ, 28ನೆಯ ತಾರೀಖು, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು. ಸಿನೆಮಾ ಮಂದಿರದಲ್ಲಿ ಹುಟ್ಟಿದ ಜಗಳವೇ ಅದಕ್ಕೆ ನೆಪ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ನಾಡು ಬೆರಗಾಯಿತು. ಮರುತಿಂಗಳೇ ಹೈಕೋರ್ಟು ಅವರಲ್ಲಿ ಬಹುಮಂದಿಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು.

ಅದೇ ನವೆಂಬರಿನಲ್ಲಿ ನಮ್ಮ ತುಮಕೂರಿನ ಸೆಷನ್ಸ್ ನ್ಯಾಯಾಲಯದಿಂದ ಇನ್ನೊಂದು ತೀರ್ಪು ಹೊರಟಿತು. ಗುಬ್ಬಿ ಕುಣಿಗಲುಗಳಿಗೆ ನೆರೆಯಾದ ತುರುವೇಕೆರೆ ತಾಲ್ಲೂಕಿನ ಗೋಪಾಲಪುರದಲ್ಲಿ 2010ರ ಜೂನ್ 28ರಂದು ಒಬ್ಬ ದಲಿತ ಹೆಂಗಸನ್ನು ಗುಂಪೊಂದು ಕೂಡಿ ಕೊಂದಿತ್ತು. ಹದಿನಾಲ್ಕು ವರ್ಷಗಳ ಮೇಲೆ 21 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ಕಂಬಾಲಪಲ್ಲಿಯ ಮೊಕದ್ದಮೆಯು ಬೆಂಕಿಯಿಂದ ಹೈಕೋರ್ಟಿನ ತೀರ್ಪಿನವರೆಗೆ ತೆಗೆದುಕೊಂಡ ಕಾಲವೂ ಹದಿನಾಲ್ಕು ವರ್ಷವೇ. ಬಿಡುಗಡೆಯಾದ ಮೊಕದ್ದಮೆಗಳ ವಿಷಯವನ್ನು ಬರೆಯುವವರು ಬಹಳ ಮಂದಿ. ಶಿಕ್ಷೆಯಾದ ಮೊಕದ್ದಮೆಯಲ್ಲಿ ಸಾಕ್ಷಿಗಳು ಅಷ್ಟು ಕಾಲ ಹೇಗೆ ನಿಂತರು, ಯಾರ ಹೊಲದಲ್ಲಿ ದುಡಿದರು, ಕೋರ್ಟಿನ ದಿನ ಅವರೊಡನೆ ಬಸ್ಸಿನಲ್ಲಿ ಕುಳಿತು ಬಂದವರು ಯಾರು ಎಂಬುದನ್ನು ಬರೆದಿಡುವವರು ಅಪರೂಪ. ತುರುವೇಕೆರೆ, ಗುಬ್ಬಿ, ಕುಣಿಗಲುಗಳ ಕಡೆಯ ವಾಚಕರಲ್ಲಿ ಯಾರಾದರೂ ಗೋಪಾಲಪುರಕ್ಕೆ ಹೋಗಿ, ಆ ಜನರ ಒಪ್ಪಿಗೆಯಿದ್ದರೆ, ಹೆಸರುಗಳನ್ನು ಬಿಟ್ಟು ಅದನ್ನು ಕೇಳಿ ಬರೆಯಬೇಕೆಂದು ನಮ್ಮ ಪ್ರಾರ್ಥನೆ.